ಅವ್ವನ ಮೊಣಕಾಲ ಚಿಪ್ಪು

ಮೊಣಕಾಲು ಬದಲಿಸುವಾಗ ಅದರ ಚಿಪ್ಪನ್ನು ಏನು ಮಾಡಬೇಕು ಎಂಬ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ ಎಂಬುದು ನನಗೆ ತಿಳಿದದ್ದು ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ. ಅವ್ವನ ಬಲಗಾಲಿನ ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಡಾಕ್ಟರು ವಿವರಿಸುತ್ತಿದ್ದರು. ತೊಡೆಯ ಎಲುಬಿನ ಕೆಳತುದಿ ಸವೆದಿದೆ, ಅದಕ್ಕೆ ಲೋಹದ ಹೊದಿಕೆ ಹಾಕುತ್ತಾರೆ. ಕೆಳಗಿನ ಎಲುಬಿನ ತಲೆಗೆ ಲೋಹದ ತಟ್ಟೆ, ಎರಡರ ನಡುವೆ ಪ್ಲಾಸ್ಟಿಕ್ಕಿನದೊಂದು ಪದರ. ಇಷ್ಟನ್ನು ಎಲ್ಲರಿಗೂ ಮಾಡುತ್ತೇವೆ ಎಂದರು. ಉಳಿಯುವುದು ಮುಂದೆ ಇರುವ ಚಿಪ್ಪು. ಅದರ ಹಿಂಬದಿಯನ್ನು ಸಮತಟ್ಟಾಗಿ ಕೊಯ್ದು, ಅಂಗಿಯ ಗುಂಡಿಯಂಥ ಒಂದು ಪ್ಲಾಸ್ಟಿಕ್ ಬಿಲ್ಲೆ ಅಂಟಿಸುವವರಿದ್ದಾರೆ. ಮುಟ್ಟದೆ ಬಿಡುವವರೂ ಇದ್ದಾರೆ. ತಾನು ಕೇಳಿ, ನೋಡಿ ತೀರ್ಮಾನಿಸುವವನು ಎಂದು ಹೇಳಿ ಅವರು ಅವ್ವನ ಕಡೆ ತಿರುಗಿದರು.

ಡಾಕ್ಟರು ಮೈಸೂರಿನ ಕಡೆಯ ಯುವಕ. ಮಾತು ಮೆತ್ತಗೆ. ಅವ್ವನ ಮೊಣಕಾಲಿನ ಮುಂಭಾಗವನ್ನು ಬೆರಳಿನಿಂದ ಮುಟ್ಟಿ, "ಮೆಟ್ಟಿಲು ಹತ್ತಿ ಇಳಿಯುವಾಗ ಇಲ್ಲಿ ನೋಯುತ್ತಾ ಅಮ್ಮಾ?" ಎಂದರು.

"ಇಲ್ರಿ," ಅಂದಳು ಅವ್ವ.

"ಕುರ್ಚಿಯಿಂದ ಏಳುವಾಗ?"

"ಇಲ್ರಿ."

ಆಕೆ ಗಡುಸಾಗಿ ಹೇಳಿದ ರೀತಿಗೆ ಡಾಕ್ಟರು ಸ್ವಲ್ಪ ಹಿಂದೆ ಸರಿದು, ಇವರಿಗೆ ತನ್ನ ಮೇಲೆ ಸಿಟ್ಟೇ ಎಂಬಂತೆ ನನ್ನನ್ನು ನೋಡಿದರು. ನಮ್ಮ ಕಡೆ ಮಾತೇ ಹಾಗೆ ಎಂದು ನಾನು ಹೇಳಬೇಕಾಯಿತು. ಅವರು ನಕ್ಕರು. ಮುಂಭಾಗದಲ್ಲಿ ನೋವಿಲ್ಲ, ಸಣ್ಣ ಮೈಕಟ್ಟಿನ ಹೆಂಗಸು, ಚಿಪ್ಪು ತೆಳ್ಳಗಿರುವ ಸಾಧ್ಯತೆ ಹೆಚ್ಚು. ತೆಳ್ಳಗಿದ್ದದ್ದನ್ನು ಇನ್ನೂ ಕೊಯ್ದರೆ ಮುಂದೆ ಎಂದಾದರೂ ಒಡೆಯಬಹುದು. ಆದ್ದರಿಂದ ಚಿಪ್ಪನ್ನು ಹಾಗೇ ಬಿಡೋಣ ಎಂದರು. ಶಸ್ತ್ರಚಿಕಿತ್ಸೆಗೆ ಮೂರು ವಾರ ಬಿಟ್ಟು ಬರಲು ಹೇಳಿದರು.

ನಮ್ಮ ಮನೆ ಇರುವುದು ಸಗರ ಎಂಬ ಹಳ್ಳಿಯ ಹೊರಗೆ, ಕಾಲುವೆಯ ಕೆಳಗಿನ ಹೊಲದಲ್ಲಿ. ನಮ್ಮದು ಕುರಿ, ಆಡು ಸಾಕುವ ಮನೆತನ. ನಾನು ಹುಟ್ಟುವ ಮೊದಲು ಇಲ್ಲೆಲ್ಲ ಜೋಳ, ತೊಗರಿಯ ಒಣಬೇಸಾಯವಿತ್ತಂತೆ. ಸುಗ್ಗಿಯಾದ ಮೇಲೆ ಬಿದ್ದ ಹೊಲಗಳೆಲ್ಲ ಆಡಿನ ಹೊಲಗಳೇ. ಕಾಲುವೆ ಬಂದು ಸಪಾಟು ನೆಲವೆಲ್ಲ ಭತ್ತವಾಯಿತು. ಭತ್ತದಲ್ಲಿ ಆಡು ಕಾಲಿಟ್ಟರೆ ಜಗಳ. ಅವಕ್ಕೆ ಉಳಿದದ್ದು ಕಾಲುವೆಯ ದಂಡೆ ಮಾತ್ರ. ಇಷ್ಟು ಚಪ್ಪಟೆಯಾದ ಸೀಮೆಯಲ್ಲಿ ಏರು ಇಳಿಜಾರು ಎಂಬುದನ್ನು ತಂದದ್ದೇ ಕಾಲುವೆ. ಅಗೆದ ಮಣ್ಣನ್ನು ಎರಡೂ ಬದಿ ಒಟ್ಟಿ ಮನೆಯ ಎತ್ತರದ ದಿಬ್ಬ ಮಾಡಿದರು, ಅದರ ಮೇಲೆ ಹುಲ್ಲು, ಜಾಲಿ ಬೆಳೆದವು, ಅವ್ವ ಆಡು ಹೊಡೆದುಕೊಂಡು ಅದನ್ನು ಹತ್ತಿ ಇಳಿಯತೊಡಗಿದಳು.

ಆಡುಗಳನ್ನು ಮಾರಬೇಕೆಂದು ಅಪ್ಪ ಎರಡು ವರ್ಷದಿಂದ ಹೇಳುತ್ತಿದ್ದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅವ್ವನ ಕಾಲು ಊದಿಕೊಳ್ಳುತ್ತಿತ್ತು, ಭತ್ತದವರ ಜೊತೆ ತಕರಾರು ತಪ್ಪುತ್ತಿರಲಿಲ್ಲ. ಅವ್ವ ಮಾತ್ರ ಒಪ್ಪುತ್ತಿರಲಿಲ್ಲ. ಆಡುಗಳು ಆಕೆ ತವರಿನಿಂದ ತಂದ ಒಂದು ಮರಿಯ ಸಂತಾನ. ಆದರೆ ಆಕೆ ಆ ಕಾರಣ ಹೇಳುತ್ತಿರಲಿಲ್ಲ. ಮನೆಯಲ್ಲಿ ಕುಳಿತು ಏನು ಮಾಡಲಿ ಎಂದಷ್ಟೇ ಕೇಳುತ್ತಿದ್ದಳು. ಕೊನೆಗೆ ಒಂದು ಒಪ್ಪಂದವಾಯಿತು. ಕಾಲು ಬದಲಿಸಿಕೊಂಡ ಮೇಲೆ ಆಕೆ ದಂಡೆ ಹತ್ತಿ ಇಳಿಯಬಲ್ಲಳಾದರೆ ಆಡು ಇರಲಿ, ಇಲ್ಲದಿದ್ದರೆ ಹೋಗಲಿ. ಶಹಾಪುರದ ಸಂತೆಗೆ ಆಡು ಒಯ್ಯುವ ವ್ಯಾಪಾರಿಗೆ ಅಪ್ಪ ಆಗಲೇ ಹೇಳಿಟ್ಟಿದ್ದ, ದಸರೆ ಮುಗಿಯಲಿ, ಆಮೇಲೆ ಬಾ ಎಂದು.

ನಾನು ಕಲಬುರಗಿಯಲ್ಲಿ ಸಂಖ್ಯಾಶಾಸ್ತ್ರ ಓದಿ ಶಹಾಪುರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಡಾಕ್ಟರ ಮಾತಿನಲ್ಲಿ ನನ್ನನ್ನು ಹಿಡಿದದ್ದು ಅವರ ತೀರ್ಮಾನವಲ್ಲ, ಮಾಡುವವರಿದ್ದಾರೆ, ಬಿಡುವವರಿದ್ದಾರೆ ಎಂಬ ಭಾಗ. ಜಗತ್ತಿನಲ್ಲಿ ಇಷ್ಟೊಂದು ಮೊಣಕಾಲುಗಳನ್ನು ಬದಲಿಸಿದ ಮೇಲೂ ಒಂದು ಪ್ರಶ್ನೆ ಬಗೆಹರಿಯದೆ ಉಳಿಯುವುದು ಹೇಗೆ? ಕಾಲೇಜಿನ ಗ್ರಂಥಾಲಯದ ಕಂಪ್ಯೂಟರಿನಲ್ಲಿ, ಬಿಡುವಿನ ತಾಸುಗಳಲ್ಲಿ, ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಬಿಲ್ಲೆ ಅಂಟಿಸಿಕೊಂಡವರಲ್ಲಿ ಎರಡನೆಯ ಸಲ ಶಸ್ತ್ರಚಿಕಿತ್ಸೆಗೆ ಹೋಗುವವರು ಸ್ವಲ್ಪ ಕಡಿಮೆ ಎಂದು ಕೆಲವು ಅಧ್ಯಯನಗಳಲ್ಲಿತ್ತು. ಆದರೆ ಬಿಟ್ಟವರಿಗೆ ನೋವು ಬಂದರೆ ಬಿಲ್ಲೆ ಹಾಕಿ ನೋಡೋಣ ಎಂಬ ಒಂದು ದಾರಿ ಉಳಿದಿರುತ್ತದೆ, ಹಾಕಿಸಿಕೊಂಡವರಿಗೆ ಆ ದಾರಿಯೇ ಇರುವುದಿಲ್ಲ. ಹಾಗಾದರೆ ಎರಡನೆಯ ಸಲ ಹೋದವರನ್ನು ಎಣಿಸುವುದು ನೋವನ್ನು ಎಣಿಸಿದಂತಾಗುತ್ತದೆಯೇ? ಇನ್ನು ನಡಿಗೆ, ಸುಖ, ಸಮಾಧಾನದ ಲೆಕ್ಕಕ್ಕೆ ಬಂದರೆ ಎರಡು ಗುಂಪುಗಳ ನಡುವೆ ಅಂತರ ಅಷ್ಟಾಗಿ ಕಾಣುತ್ತಿರಲಿಲ್ಲ. ಸರಾಸರಿ ಎಂಬುದನ್ನು ನಾನು ದಿನಾ ಪಾಠ ಮಾಡುತ್ತಿದ್ದೆ. ಸರಾಸರಿಗೆ ಒಂದು ನಿರ್ದಿಷ್ಟ ಮೊಣಕಾಲು ಇರುವುದಿಲ್ಲ ಎಂಬುದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಓದಿದ್ದು ಸಾಲದೆ, ಚಿಪ್ಪೊಂದನ್ನು ಕೈಯಲ್ಲಿ ಹಿಡಿದು ನೋಡಬೇಕೆನಿಸಿತು. ಮಟನ್ ಅಂಗಡಿಯಲ್ಲಿ ಹಿಂಗಾಲಿನ ಕೀಲನ್ನು ಕತ್ತರಿಸದೆ ಇಡಿಯಾಗಿ ಕೊಡಲು ಹೇಳಿದೆ. ಅಂಗಡಿಯವನು ಸೂಪು ಮಾಡುತ್ತೀರಾ ಎಂದು ಕೇಳಿದ, ಹೂಂ ಅಂದೆ. ಮನೆಯಲ್ಲಿ ಹಿತ್ತಲ ಕಲ್ಲಿನ ಮೇಲಿಟ್ಟು ಚಾಕುವಿನಿಂದ ಬಿಡಿಸಿದೆ. ಆಡಿನ ಮುಂಗಾಲಿನಲ್ಲಿ ಮಡಚುವ ಗಂಟನ್ನು ನಾವು ಮೊಣಕಾಲು ಅನ್ನುತ್ತೇವೆ, ಅದು ವಾಸ್ತವದಲ್ಲಿ ಮಣಿಕಟ್ಟು. ನಿಜವಾದ ಮೊಣಕಾಲು ಹಿಂಗಾಲಿನಲ್ಲಿ, ಹೊಟ್ಟೆಗೆ ಹತ್ತಿ, ತೊಗಲೊಳಗೆ ಅಡಗಿರುತ್ತದೆ. ಚಿಪ್ಪು ಒಣ ಖರ್ಜೂರಕ್ಕಿಂತ ಸಣ್ಣದು. ಮುಂಬದಿ ಒರಟು, ಹಿಂಬದಿ ಮಾತ್ರ ಒದ್ದೆ ಗಾಜಿನ ಹಾಗೆ ನುಣುಪು, ಬಿಳಿಯಲ್ಲಿ ಸ್ವಲ್ಪ ನೀಲಿ. ತೊಡೆಯೆಲುಬಿನ ತುದಿಯಲ್ಲಿ ಅದಕ್ಕೆಂದೇ ಮಾಡಿದಂಥ ಹರಿ, ಅಂದರೆ ತಗ್ಗಾದ ಒಂದು ಸಾಲು. ಬೆರಳಿನಿಂದ ದಬ್ಬಿದರೆ ಚಿಪ್ಪು ಹರಿಯಲ್ಲಿ ಸದ್ದಿಲ್ಲದೆ ಮೇಲೆ ಕೆಳಗೆ ಜಾರುತ್ತಿತ್ತು. ನಾನು ಬಹಳ ಹೊತ್ತು ಅದನ್ನು ಜಾರಿಸುತ್ತ ಕುಳಿತಿದ್ದೆ. ತೊಡೆಯ ಸ್ನಾಯು ಎಳೆಯುತ್ತದೆ, ಚಿಪ್ಪು ಹಗ್ಗವನ್ನು ಮುಂದಕ್ಕೆ ಎತ್ತಿ ಹಿಡಿದ ರಾಟೆಯಂತೆ ಆ ಎಳೆತವನ್ನು ಕೆಳಗಿನ ಕಾಲಿಗೆ ಮುಟ್ಟಿಸುತ್ತದೆ. ಸಪಾಟು ನೆಲದಲ್ಲಿ ಅದರ ಮೇಲೆ ಭಾರ ಕಡಿಮೆ. ಏರಿನಲ್ಲಿ, ಅದಕ್ಕಿಂತ ಇಳಿಜಾರಿನಲ್ಲಿ, ಮೈಭಾರದ ಹಲವು ಪಟ್ಟು ಅದರ ಬೆನ್ನಿಗೆ ಬೀಳುತ್ತದೆ.

ಅಪ್ಪ ದನಕ್ಕೆ ನೀರಿಟ್ಟು ಬಂದವನು ನನ್ನ ಕೈಯಲ್ಲಿದ್ದದ್ದನ್ನು ನೋಡಿ ಏನೆಂದು ಕೇಳಿದ. ಹೇಳಿದೆ. ಅವನಿಗೆ ತಟ್ಟನೆ ಒಂದು ಹಳೆಯ ಎತ್ತು ನೆನಪಾಯಿತು. ಅದರ ಹಿಂಗಾಲು ಮಡಚದೆ ನೆಟ್ಟಗೆ ಸೆಟೆದು ನಿಲ್ಲುತ್ತಿತ್ತಂತೆ, ನಾಲ್ಕು ಹೆಜ್ಜೆ ಎಳೆದುಕೊಂಡು ಹೋಗಿ ಝಾಡಿಸಿದರೆ ಬಿಡುತ್ತಿತ್ತಂತೆ. ಚಿಪ್ಪು ಮೇಲೆ ಸಿಕ್ಕಿಕೊಂಡಿದೆ ಎಂದು ದನದ ಡಾಕ್ಟರು ಒಳಗಿನ ಒಂದು ಪಟ್ಟಿಯನ್ನು ಕೊಯ್ದರು. ಅಷ್ಟೇ, ಎತ್ತು ಸರಿಯಾಯಿತು. ಇದೂ ಅದೇ ರೋಗವೆಂದು ಅಪ್ಪ ಖಚಿತವಾಗಿ ನಂಬಿಬಿಟ್ಟ. ಒಳಗೆ ಬಂದು ಅವ್ವನಿಗೂ ಹೇಳಿದ:

"ಭಾಳ ಏನಿಲ್ಲ ಅದು. ನಮ್ಮ ಎತ್ತಿಗೆ ಆಗಿತ್ತಲ್ಲ, ಅದೇ. ಒಂದು ನರ ಕೊಯ್ದ್ರು, ಮರುದಿನ ಹೊಲದಾಗ ಕುಂಟಿ ಎಳೀತು."

"ಹಂಗಾರ ನನಗೂ ಹಗ್ಗ ಹಾಕಿ ಕೆಡವ್ರಿ," ಅಂದಳು ಅವ್ವ. "ಯಾದಗಿರಿ ತನಕ ಯಾಕ ಹೋಗಬೇಕು."

ಎರಡೂ ಬೇರೆ ಎಂದು ನಾನು ಅಪ್ಪನಿಗೆ ವಿವರಿಸಿದೆ. ಎತ್ತಿನದು ಚಿಪ್ಪು ಜಾಗ ತಪ್ಪುವ ತೊಂದರೆ, ಅವ್ವನದು ಚಿಪ್ಪು ಸವೆಯುವುದು. ಅವನು ಕೇಳಿಸಿಕೊಂಡು, ಸವೆದಿದೆ ಎಂದು ಯಾರು ಹೇಳಿದರು, ಡಾಕ್ಟರು ಚಿಪ್ಪನ್ನು ಹಾಗೇ ಬಿಡೋಣ ಎಂದರಲ್ಲ ಎಂದ.

ಚಿಪ್ಪಿಗೆ ಬಿಲ್ಲೆ ಹಾಕಿಸಿಕೊಂಡವರನ್ನೋ ಬಿಟ್ಟವರನ್ನೋ ಕಣ್ಣಾರೆ ಕಂಡು ಮಾತನಾಡಿಸಬೇಕೆಂದು, ಒಂದು ಭಾನುವಾರ ಸುರಪುರದ ಬಸ್ಸು ಹತ್ತಿ ರಂಗಂಪೇಟೆಗೆ ಹೋದೆ. ಅಲ್ಲಿ ಅವ್ವನ ಅಕ್ಕ ಇದ್ದಾಳೆ. ದೊಡ್ಡವ್ವ ನಾಲ್ಕು ವರ್ಷದ ಹಿಂದೆ ಬೇರೆ ಊರಲ್ಲಿ ಎಡಗಾಲು ಮಾಡಿಸಿಕೊಂಡವಳು. ಚಿಪ್ಪಿಗೆ ಏನು ಮಾಡಿದರು ಎಂದು ಕೇಳಿದೆ.

"ಒಳಗ ಏನೇನು ಇಟ್ಟಾರ ಅಂತ ನಾ ಏನು ತಗದು ನೋಡೀನೇನ? ಹೊಲಿದು ಕಳಿಸ್ಯಾರ, ನಡೀತದ, ನಡ್ಯಾಕತ್ತೇನಿ."

ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಮನೆಗೆ ಮಾಳಿಗೆ ಇತ್ತು, ಹದಿಮೂರೋ ಹದಿನಾಲ್ಕೋ ಕಲ್ಲಿನ ಮೆಟ್ಟಿಲು. ನನ್ನ ಮಾತಿಗೆ ಹತ್ತಿ ತೋರಿಸಿದಳು. ಹತ್ತುವಾಗ ಸಲೀಸು. ಇಳಿಯುವಾಗ ಮಾತ್ರ ಗೋಡೆ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲು ಕೂಡಿಸಿ ಇಳಿದಳು. ಮೊಣಕಾಲಿನ ಮುಂಭಾಗದಲ್ಲಿ ಚುರ್ ಅನ್ನುತ್ತದೆ ಎಂದಳು. ಹಾಗಾದರೆ ಇವಳಿಗೆ ಬಿಲ್ಲೆ ಹಾಕಿಲ್ಲ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಹೊರಡುವಾಗ ಅವಳ ಹಳೆಯ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದೆ. ದೊಡ್ಡವ್ವ ಅವ್ವನ ಸುದ್ದಿ ಕೇಳಿದಳು, ಆಡು ಇನ್ನೂ ಇವೆಯೇ ಎಂದಳು. ಇವೆ ಎಂದೆ. "ಅಕಿ ಅಡ್ಡಾಡಿ ಸವಸ್ಯಾಳ, ನಾ ಕುಂತಲ್ಲೇ ಸವಸೀನಿ," ಎಂದು ನಕ್ಕಳು. "ಸವೆಯೋದು ಬಿಟ್ಟದೇನು."

ಆ ಫೋಟೊವನ್ನು ನಾನು ಡಾಕ್ಟರಿಗೆ ಕಳಿಸಿ, ಬಿಲ್ಲೆ ಹಾಕಿದ್ದಾರೆಯೇ ಎಂದು ಕೇಳಿದೆ. ಹಾಗೆ ಯಾರಿಗಾದರೂ ಸಂದೇಶ ಕಳಿಸುವುದು ನನ್ನ ಸ್ವಭಾವವಲ್ಲ. ಎರಡು ಸಲ ಬರೆದು ಅಳಿಸಿ ಮೂರನೆಯ ಸಲ ಕಳಿಸಿದೆ. ಅವರ ಉತ್ತರ ಸಂಜೆ ಬಂತು. ಪ್ಲಾಸ್ಟಿಕ್ ಬಿಲ್ಲೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆದರೆ ಚಿಪ್ಪಿನ ಹಿಂಬದಿಯನ್ನು ಕೊಯ್ದ ಗೆರೆ ಕಾಣುತ್ತದೆ. ಇದರಲ್ಲಿ ಆ ಗೆರೆ ಇದೆ, ಅಂದರೆ ಬಿಲ್ಲೆ ಹಾಕಿದ್ದಾರೆ. ನಾನು ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಚಿಪ್ಪಿನ ಹಿಂದೆ, ಗೆರೆ ಎಳೆದಂತೆ ನೇರವಾದ ಅಂಚು. ಅದರ ಮತ್ತು ಲೋಹದ ನಡುವೆ ಖಾಲಿ ಜಾಗ. ಆ ಖಾಲಿಯೇ ಬಿಲ್ಲೆ. ಬಿಲ್ಲೆ ಇದ್ದೂ ದೊಡ್ಡವ್ವನಿಗೆ ಇಳಿಯುವಾಗ ನೋವಿತ್ತು. ನನ್ನ ಊಹೆ ತಲೆಕೆಳಗಾದದ್ದು ನನಗೆ ಬೇಸರ ತರಲಿಲ್ಲ, ಕುತೂಹಲ ಹೆಚ್ಚಿಸಿತು.

ಮರುದಿನ ಕಾಲೇಜಿನಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವನನ್ನು ಕರೆಯಲು ಕಾಲುವೆಯ ಕಡೆ ನಡೆದೆ. ಬೇಸಿಗೆ, ಕಾಲುವೆಗೆ ನೀರು ಬಿಟ್ಟಿರಲಿಲ್ಲ, ತಳದಲ್ಲಿ ಅಲ್ಲಲ್ಲಿ ನಿಂತ ನೀರು ಹಸಿರುಗಟ್ಟಿತ್ತು. ಆಡುಗಳು ಆಚೆ ದಂಡೆಯ ಜಾಲಿಗೆ ಮುಂಗಾಲು ಕೊಟ್ಟು ನಿಂತಿದ್ದವು. ಅವ್ವ ಅವುಗಳನ್ನು ಈಚೆಗೆ ಹೊಡೆಯಲು ದಂಡೆ ಇಳಿಯುತ್ತಿದ್ದಳು. ನಾನು ಬಂದದ್ದು ಆಕೆಗೆ ಗೊತ್ತಿರಲಿಲ್ಲ.

ಆಕೆ ಇಳಿಯುವ ದಿಕ್ಕಿಗೆ ಬೆನ್ನು ಮಾಡಿ, ನಿಚ್ಚಣಿಕೆ ಇಳಿಯುವವರಂತೆ ಹಿಂದು ಹಿಂದಾಗಿ ಇಳಿಯುತ್ತಿದ್ದಳು. ಎಡಗೈಯಲ್ಲಿ ಹುಲ್ಲಿನ ಬುಡ ಹಿಡಿದು, ಬಲಗಾಲನ್ನು ಮಡಚದೆ ಕೆಳಗೆ ಚಾಚಿ, ನೆಲ ಸಿಕ್ಕಿದ ಮೇಲೆ ಎಡಗಾಲು ತರುತ್ತಿದ್ದಳು. ಮರಳಿ ಹತ್ತುವಾಗ ಅಡ್ಡಡ್ಡ ತಿರುಗಿ, ಬಲಗಾಲಿನ ಚಿಪ್ಪಿನ ಮೇಲೆ ಅಂಗೈಯಿಂದ ಒತ್ತಿ ಹಿಡಿದು, ಎಡಗಾಲಿನಿಂದಲೇ ಮೈಯನ್ನು ಎತ್ತುತ್ತಿದ್ದಳು. ಎಲ್ಲವೂ ಎಷ್ಟು ಅಭ್ಯಾಸವಾಗಿತ್ತೆಂದರೆ ನಡುವೆ ಆಡುಗಳನ್ನು ಬೈಯುವುದೂ ನಿಂತಿರಲಿಲ್ಲ.

ಮೇಲೆ ಬಂದವಳನ್ನು ಕೇಳಿದೆ. ಹೌದು, ಹತ್ತಿದರೂ ಇಳಿದರೂ ಮುಂದೆ ನೋಯುತ್ತದೆ ಎಂದಳು, ಹೊತ್ತು ಎಷ್ಟಾಯಿತು ಎಂದು ಹೇಳುವ ಹಾಗೆ. ಡಾಕ್ಟರು ಕೇಳಿದಾಗ ಇಲ್ಲ ಎಂದದ್ದು ಯಾಕೆ ಎಂದೆ.

"ಅಂವ ಮೆಟ್ಟಲಾ ಕೇಳಿದ, ಖುರ್ಚಿ ಕೇಳಿದ. ನಮ್ಮನ್ಯಾಗ ಮೆಟ್ಟಲಾ ಎಲ್ಲದಾವ? ಖುರ್ಚಿ ನಿಮ್ಮಪ್ಪಗ, ಬಂದವರಿಗೆ. ನಾ ಯಾವತ್ತು ಕುಂತೀನಿ?"

ಆಕೆ ಸುಳ್ಳು ಹೇಳಿರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದಳು. ಹತ್ತುವುದು ಎಂದರೆ ಮೆಟ್ಟಿಲು, ಏಳುವುದು ಎಂದರೆ ಕುರ್ಚಿ ಎಂದು ತಿಳಿದಿದ್ದ ಪ್ರಶ್ನೆಗಳು ಮಾತ್ರ ನಮ್ಮ ಮನೆಯ ಹೊರಗೇ ನಿಂತಿದ್ದವು. ನಾನು ಓದಿದ ಅಧ್ಯಯನಗಳಲ್ಲೂ ಇವೇ ಪ್ರಶ್ನೆಗಳಿದ್ದವು. ಅಲ್ಲಿ ಎಷ್ಟು ಜನ ಅವ್ವನ ಹಾಗೆ ಇಲ್ಲ ಎಂದಿರಬಹುದು ಎಂದು ಯೋಚಿಸುತ್ತ ನಿಂತೆ. ಆಗ ಅವ್ವ, ಆಡುಗಳ ಕಡೆಯೇ ಮುಖ ಮಾಡಿಕೊಂಡು, ಉಳಿದ ಮಾತನ್ನೂ ಹೇಳಿದಳು.

"ದಂಡಿ ಹತ್ತಿದ್ರ ನೋಯ್ತದ ಅಂದ್ರ ಏನಂತಾರ? ಹತ್ತಬ್ಯಾಡ ಅಂತಾರ. ನಿಮ್ಮಪ್ಪಗ ಅಷ್ಟೇ ಬೇಕಾಗ್ಯಾದ."

ಆಡುಗಳನ್ನು ಮುಂದೆ ಬಿಟ್ಟು ಮನೆಗೆ ನಡೆದೆವು. ಚಿಪ್ಪನ್ನು ಬಿಡುವ ತೀರ್ಮಾನ ಆಕೆಯ ಆ ಎರಡು ಇಲ್ಲಗಳ ಮೇಲೆ ನಿಂತಿದೆ, ದಂಡೆಯ ಸುದ್ದಿ ಹೇಳದಿದ್ದರೆ ಹತ್ತಲು ಬೇಕಾದ ಕಾಲು ಸಿಗದೆ ಹೋಗಬಹುದು ಎಂದಷ್ಟು ಹೇಳಿದೆ. ಅಪ್ಪನನ್ನು ಬಿಟ್ಟು ನಾವಿಬ್ಬರೇ ಡಾಕ್ಟರ ಹತ್ತಿರ ಹೋಗೋಣ ಎಂದೆ. ಅದಕ್ಕೆ ಒಪ್ಪಿದಳು.

ಯಾದಗಿರಿಯಲ್ಲಿ ಈ ಸಲ ಅವ್ವ ತಾನೇ ಹೇಳಿದಳು. ಕಾಲುವೆಯ ದಂಡೆ ಎಷ್ಟು ಎತ್ತರ, ಯಾವ ಕಡೆ ಕಲ್ಲು, ಯಾವ ಕಡೆ ಮಣ್ಣು, ಮಳೆಗಾಲದಲ್ಲಿ ಎಲ್ಲಿ ಜಾರುತ್ತದೆ, ಎಲ್ಲವನ್ನೂ. ಮುಗಿದ ಮೇಲೆ ಡಾಕ್ಟರು, ರೋಗಿಗಳು ಮಂಚ ಹತ್ತಲು ಇಟ್ಟಿದ್ದ ಕಬ್ಬಿಣದ ಸಣ್ಣ ಸ್ಟೂಲನ್ನು ಎಳೆದು, ಬಲಗಾಲಿಟ್ಟು ಹತ್ತಲು ಹೇಳಿದರು. ಆಕೆ ಹತ್ತುವಾಗ ಅಂಗೈಯನ್ನು ಚಿಪ್ಪಿನ ಮೇಲಿಟ್ಟಿದ್ದರು. ಆಮೇಲೆ ನನ್ನ ಕೈಯನ್ನೂ ಇಡಿಸಿದರು. ಒಳಗೆ ಜೋಳ ಅರೆದ ಹಾಗೆ ಕರಕರ ಅನ್ನುತ್ತಿತ್ತು. ಹಿತ್ತಲ ಕಲ್ಲಿನ ಮೇಲೆ ಸದ್ದಿಲ್ಲದೆ ಜಾರಿದ್ದ ಚಿಪ್ಪಿಗೂ ಇದಕ್ಕೂ ಏನೂ ಸಂಬಂಧವಿಲ್ಲವೇನೋ ಅನ್ನಿಸಿತು.

ಮೊಣಕಾಲು ಮಡಚಿಸಿ ಮೇಲಿನಿಂದ ಇನ್ನೊಂದು ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಚಿಪ್ಪು ಹರಿಯ ಮೇಲೆ ಕುಳಿತ ಸಣ್ಣ ಗುಡ್ಡದಂತೆ ಕಂಡಿತು, ಹೊರಬದಿಯಲ್ಲಿ ಎಲುಬಿಗೆ ಎಲುಬು ತಾಗಿತ್ತು. ಈಗ ಹಾಕುವ ಕಡೆಗೆ ಮನಸ್ಸು ವಾಲುತ್ತದೆ, ಆದರೆ ಚಿಪ್ಪು ತೆಳ್ಳಗಿದೆ, ಎಷ್ಟು ಎಂಬುದು ತೆರೆದು ಅಳೆದಾಗಲೇ ಖಚಿತ ಎಂದರು. ಹಾಕಿದರೂ ನೋವು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ನನಗೆ ದೊಡ್ಡವ್ವನ ಮೆಟ್ಟಿಲು ಕಣ್ಣ ಮುಂದೆ ಬಂತು. ನಾನು ಕೇಳಬೇಕೆಂದಿದ್ದ ಪ್ರಶ್ನೆಗಳ ಪಟ್ಟಿ ದೊಡ್ಡದಿತ್ತು. ಅಷ್ಟರಲ್ಲಿ ಅವ್ವ ಕೇಳಿದಳು.

"ಈಗ ಬಿಟ್ರ, ಮುಂದ ನೋವಾದ್ರ ಹಾಕಾಕ ಬರ್ತದೇನ್ರಿ?"

"ಬರುತ್ತೆ. ಮತ್ತೆ ಕೊಯ್ಯಬೇಕು. ಆಮೇಲೆ ಹಾಕಿದ್ದು ಎಲ್ಲರಿಗೂ ಗುಣ ಕೊಡಲ್ಲ."

"ಈಗ ಹಾಕಿದ್ರ, ಮುಂದ ಬ್ಯಾಡಾದ್ರ ಮೊದಲಿನಂಗ ಮಾಡಾಕ?"

"ಬರಲ್ಲ ಅಮ್ಮಾ. ಕೊಯ್ದ ಎಲುಬು ಬೆಳೆಯಲ್ಲ."

ಅವ್ವ ಮೊಣಕಾಲನ್ನು ಒಂದು ಸಲ ಸವರಿ ಸೀರೆ ಇಳಿಬಿಟ್ಟಳು. ನನ್ನ ಮುಖ ನೋಡಿದಳು. ನಾನು ಓದಿದ್ದೆಲ್ಲ ಆ ಕ್ಷಣದಲ್ಲಿ ಎರಡೂ ಕಡೆ ಸಮನಾಗಿ ತೂಗುತ್ತಿತ್ತು. ಆಕೆಯ ಪರವಾಗಿ ಒಂದು ಕಡೆ ಬೆರಳಿಡುವುದು ಸರಿಯಲ್ಲವೆನಿಸಿತು.

"ಎರಡ್ನೇ ಸಲ ಕೊಯ್ಸಿಕೊಳ್ಳಾಕ ನಾ ಬರಂಗಿಲ್ರಿ," ಎಂದಳು. "ದಪ್ಪ ಇದ್ರ ಹಾಕ್ರಿ. ಒಡೀತದ ಅನಿಸಿದ್ರ ಬಿಡ್ರಿ. ನಿಮ್ಮ ಕೈಯಾಗ ಇದ್ದಾಗ ನೀವು ನೋಡ್ರಿ, ಹೊರಗ ನಿಂತು ಇಕಿ ಏನು ನೋಡ್ತಾಳ."

ಇಕಿ ಎಂದರೆ ನಾನು.

ಶಸ್ತ್ರಚಿಕಿತ್ಸೆಯ ದಿನ ಅಪ್ಪ ಆಡುಗಳ ಜೊತೆ ಮನೆಯಲ್ಲೇ ಉಳಿಯಬೇಕಾಯಿತು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಒಳಗೆ ಈಗ ಅಳೆಯುತ್ತಿರಬಹುದು, ಈಗ ತೀರ್ಮಾನಿಸುತ್ತಿರಬಹುದು ಎಂದುಕೊಳ್ಳುತ್ತಿದ್ದೆ. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರಿಂದ ಅವ್ವ ಎಚ್ಚರವಾಗಿಯೇ ಇದ್ದಳು. ಒಳಗೆ ಬಡಗಿಯ ಅಂಗಡಿಯ ಸದ್ದು ಕೇಳಿತು ಎಂದು ಆಮೇಲೆ ಹೇಳಿದಳು. ಡಾಕ್ಟರು ಹೊರಗೆ ಬಂದು, ಚಿಪ್ಪಿನ ಹೊರಬದಿ ಪೂರ್ತಿ ಬೋಳಾಗಿತ್ತು, ದಪ್ಪ ಸಾಲುವಷ್ಟು ಇತ್ತು, ಹೆಚ್ಚೇನೂ ಅಲ್ಲ, ಸಣ್ಣ ಅಳತೆಯ ಬಿಲ್ಲೆ ಹಾಕಿದೆ ಎಂದರು. ಬೀಳದಂತೆ ನೋಡಿಕೊಳ್ಳಿ, ಚಿಪ್ಪಿಗೆ ಪೆಟ್ಟಾಗಬಾರದು. ಅಷ್ಟು ಹೇಳಿ ಅವರು ಮುಂದಿನ ರೋಗಿಯ ಕಡೆ ಹೋದರು.

ಮುಂದಿನ ತಿಂಗಳುಗಳು ಅಪ್ಪನಿಗೆ ಕಷ್ಟದವು. ಅವ್ವ ವಾಕರ್ ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದಳು, ಮಂಚದ ಮೇಲೆ ಕುಳಿತು ಕಾಲು ಎತ್ತಿ ಇಳಿಸುತ್ತಿದ್ದಳು, ಅಪ್ಪ ಆಡುಗಳ ಹಿಂದೆ ಓಡುತ್ತಿದ್ದ. ಅವು ಅವನ ಮಾತು ಕೇಳುತ್ತಿರಲಿಲ್ಲ. ಕಾಲುವೆಗೆ ನೀರು ಬಂತು, ನಾಟಿ ಮುಗಿಯಿತು, ಆಡುಗಳು ಎರಡು ಸಲ ಪಕ್ಕದವರ ಭತ್ತಕ್ಕೆ ನುಗ್ಗಿದವು, ಎರಡು ಸಲವೂ ಅಪ್ಪ ಮಾತು ಕೇಳಿಸಿಕೊಂಡು ಬಂದ. ವ್ಯಾಪಾರಿ ಬರುವ ದಿನವನ್ನು ಅವನು ಎದುರು ನೋಡುತ್ತಿದ್ದುದು ಅವನ ಮುಖದಲ್ಲೇ ಇತ್ತು. ಅವ್ವ ಸಪಾಟು ನೆಲದಲ್ಲಿ ಕೋಲಿಲ್ಲದೆ ನಡೆಯುವಂತಾದಳು. ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರಿಂದ ಕುರ್ಚಿಯಲ್ಲಿ ಕೂತು ರೊಟ್ಟಿ ಬಡಿಯುವುದನ್ನೂ ಕಲಿತಳು, ಎತ್ತರದ ಒಲೆಯನ್ನು ಬೈಯುತ್ತಲೇ. ದಂಡೆಯ ಮಾತು ಮಾತ್ರ ಎತ್ತಲಿಲ್ಲ. ಈಗ ಹತ್ತಬಹುದು ಎಂದು ಡಾಕ್ಟರು ಹೇಳಿದ ಮೇಲೂ ಎತ್ತಲಿಲ್ಲ.

ದಸರೆ ಮುಗಿದು ನಾಲ್ಕು ದಿನಕ್ಕೆ ವ್ಯಾಪಾರಿ ಫೋನು ಮಾಡಿದ, ಮಧ್ಯಾಹ್ನ ಟಂಟಂ ಗಾಡಿ ತರುತ್ತೇನೆ ಎಂದು. ಅಪ್ಪ ಅದನ್ನು ಅವ್ವನಿಗೆ ಕೇಳುವಂತೆ ನನಗೆ ಹೇಳಿದ. ಅವ್ವ ಚಪ್ಪಲಿ ಮೆಟ್ಟಿ ಹೋಗಿ ಆಡಿನ ದೊಡ್ಡಿಗೆ ಅಡ್ಡವಿದ್ದ ತಟ್ಟಿ ಸರಿಸಿದಳು. ನಾನು ಹಿಂದೆ ಹೋದೆ, ಅಪ್ಪನೂ ಬಂದ.

ದಂಡೆಯನ್ನು ಆಕೆ ನೆಟ್ಟಗೆ ಹತ್ತಿದಳು. ನಿಧಾನ, ಆದರೆ ಅಡ್ಡ ತಿರುಗದೆ. ಮೇಲಿನ ಹಾದಿಯಲ್ಲಿ ನಿಂತು ಉಸಿರು ಬಿಟ್ಟಳು. ಕಾಲುವೆಯಲ್ಲಿ ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. ಮುಂದೆ ಹೋದ ಆಡುಗಳು ಆಗಲೇ ಹಾದಿ ಬಿಟ್ಟು, ಹೊಲದ ಕಡೆಗಿನ ಇಳಿಜಾರಿನಲ್ಲಿ ಹಸಿರಿಗೆ ಹರಡಿದ್ದವು. ಇಳಿಯಬೇಕಾಗಿದ್ದದ್ದು ಅಲ್ಲಿ. ದೊಡ್ಡವ್ವನ ನೋವೂ ಇಳಿಯುವಾಗಲೇ ಇದ್ದದ್ದು. ನಾನು ಕೈ ಚಾಚಿದೆ, ಆಕೆ ಹಿಡಿಯಲಿಲ್ಲ. ಮುಖ ಮುಂದೆ ಮಾಡಿ ಒಂದು ಹೆಜ್ಜೆ ಇಟ್ಟಳು, ಇನ್ನೊಂದು, ಇನ್ನೂ ನಾಲ್ಕೈದು. ಇಳಿಜಾರಿನ ನಡುವೆ ನಿಂತುಬಿಟ್ಟಳು.

ನೋಯುತ್ತದೆಯೇ ಎಂದು ಮೇಲಿನಿಂದ ಕೇಳಿದೆ.

"ಸುಮ್ನಿರು. ನೋಡಾಕತ್ತೇನಿ."

ಆಕೆ ಬಲಗಾಲನ್ನು ಸ್ವಲ್ಪ ಮಡಚಿದಳು, ಚಾಚಿದಳು, ಮತ್ತೆ ಮಡಚಿ ಭಾರ ಹಾಕಿದಳು. ಹೊಸ ಬೀಗಕ್ಕೆ ಕೀಲಿ ತಿರುಗಿಸಿ ನೋಡುವವರಂತೆ ಆಕೆಯ ಗಮನವೆಲ್ಲ ಆ ಒಂದು ಜಾಗಕ್ಕೆ ಇಳಿದಿತ್ತು. ಆಕೆಗೆ ತಿಳಿಯುತ್ತಿದ್ದದ್ದು ನನಗೆ ಎಂದೂ ತಿಳಿಯುವಂಥದ್ದಲ್ಲ. ಚಿಪ್ಪನ್ನು ಮುಟ್ಟದೆ ಬಿಟ್ಟಿದ್ದರೆ ಇದೇ ಇಳಿಜಾರಿನಲ್ಲಿ ಹೇಗಿರುತ್ತಿತ್ತು ಎಂಬುದು ಆಕೆಗೂ ತಿಳಿಯುವಂತಿರಲಿಲ್ಲ.

"ಒಳಗ ಟಕ್ ಅಂತದ," ಎಂದಳು ಕೊನೆಗೆ. "ನೋವೇ ಇಲ್ಲ ಅನ್ನಂಗಿಲ್ಲ. ಮೊದಲಿನ ನೋವಲ್ಲ ಇದು. ಇಷ್ಟಿದ್ರ ನಡೀತದ."

ಅಪ್ಪ ನನ್ನ ಪಕ್ಕದಲ್ಲಿ ಬಂದು ನಿಂತಿದ್ದ. ಅವನ ಕೈಯಲ್ಲಿ ಫೋನು ಇತ್ತು. ಹೆಂಡತಿಯ ಕಾಲನ್ನೇ ನೋಡುತ್ತ, "ವ್ಯಾಪಾರಿಗೆ ಏನು ಹೇಳ್ಲಿ?" ಎಂದ.

ಅವ್ವ ತಿರುಗಿ ನೋಡಲಿಲ್ಲ.

"ಆ ಕರೇ ಹೋತ ಒಂದು ಒಯ್ಯಿ ಅನ್ರಿ. ಭಾಳ ಹಾರಾಡ್ತದ, ನನ್ನ ಕೆಡವ್ತದ ಅದು. ಉಳಿದಾವು ಕೊಡಂಗಿಲ್ಲ."

ಅಪ್ಪ ಫೋನಿನಲ್ಲಿ ಮಾತನಾಡತೊಡಗಿದ. ಅವ್ವ ಅಷ್ಟರಲ್ಲಿ ತಳ ಮುಟ್ಟಿ, ಆ ಕಪ್ಪು ಹೋತವನ್ನು ಹಿಂಡಿನಿಂದ ಬೇರೆ ಮಾಡುತ್ತಿದ್ದಳು.